ಗುಡ್ಡದ ಮೇಲಿಂದಲೇ ‘ಬಂದೆ’ ಎಂದವನು

ಚಳ್ಳಕೆರೆಯಲ್ಲಿ ನನ್ನನ್ನು ಹೊಸದಾಗಿ ಕಂಡವರು ಎರಡನೆಯ ಮಾತಿಗೇ ಕೇಳುವುದು ಸಿಂಹದ ವಿಷಯ. ಇವರು ಆರು ವರ್ಷ ಆಫ್ರಿಕಾದಲ್ಲಿದ್ದವರು ಅಂತ ಯಾರೋ ಹೇಳಿರುತ್ತಾರೆ. ಸರಿ, ಸಿಂಹ ನೋಡಿದ್ರಾ, ಎಷ್ಟು ದೂರದಲ್ಲಿತ್ತು, ಭಯ ಆಗಲಿಲ್ವಾ. ನೋಡಿದ್ದೇನೆ. ಮೂರು ಸಲ ನೋಡಿದ್ದೇನೆ, ಮೂರು ಸಲವೂ ಅದು ಮಲಗಿತ್ತು. ಮಧ್ಯಾಹ್ನದ ಊಟ ಮಾಡಿ ಹಿಂಡಿ ಚೀಲದ ಮೇಲೆ ಒರಗಿದ ನಮ್ಮ ಮಿಲ್ಲಿನ ಮೇಸ್ತ್ರಿಗೂ ಅದಕ್ಕೂ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗೆಂದರೆ ಕೇಳಿದವರ ಮುಖ ಸಣ್ಣದಾಗುತ್ತದೆ. ಆ ಆರು ವರ್ಷದಲ್ಲಿ ನನ್ನ ಜೀವ ಬಾಯಿಗೆ ಬಂದದ್ದು ಸಿಂಹದಿಂದಲ್ಲ, ನಾನೇ ಆಡಿದ ಒಂದು ಮಾತಿನಿಂದ. ಅದೇ ಮಾತಿನಿಂದ ಒಬ್ಬ ಹಿರಿಯರು, ತಾವು ನಲವತ್ತು ವರ್ಷ ನಡೆದ ಕಾಡಿನಿಂದ ಹೊರಗೆ ಬೀಳುವುದರಲ್ಲಿದ್ದರು. ಅದನ್ನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳಿ ಮುಗಿಸಲು ಆಗುವುದಿಲ್ಲ.

ನಮ್ಮದು ಮೊಳಕಾಲ್ಮೂರಿನ ನೇಕಾರರ ಮನೆ. ಮನೆಯೊಳಗೆ ತೆಲುಗು, ಹೊಸ್ತಿಲು ದಾಟಿದರೆ ಕನ್ನಡ. ಅಪ್ಪ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಹೊತ್ತು ಮುಳುಗುವವರೆಗೂ ಏಳುತ್ತಿರಲಿಲ್ಲ. ನನಗೆ ಕೂತಲ್ಲಿ ಕೂರುವ ಸಹನೆ ಹುಟ್ಟಿನಿಂದಲೇ ಇಲ್ಲ, ಮೇಲೆ ಮೂಗಿನ ತುದಿಯಲ್ಲೇ ಸಿಟ್ಟು. ಇವನು ನೇಯ್ದರೆ ಸೀರೆ ಉಳಿಯುವುದಿಲ್ಲ ಎಂದು ಅಪ್ಪನೇ ಐಟಿಐಗೆ ಸೇರಿಸಿದರು. ಓದು ಮುಗಿಸಿ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಫಿಟ್ಟರ್ ಆದೆ. ಶೇಂಗಾ ಅರೆಯುವ ಯಂತ್ರದ ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಎಂದು ಹೇಳುವಷ್ಟು ಪಳಗಿದ ಮೇಲೆ, ಮಾಲೀಕರು, ನಮ್ಮ ಬೀಗರೊಬ್ಬರು ಜಾಂಬಿಯಾದಲ್ಲಿ ಸೂರ್ಯಕಾಂತಿ ಎಣ್ಣೆಯ ಮಿಲ್ ಹಾಕಿದ್ದಾರೆ, ಹೋಗ್ತೀರಾ ಎಂದು ಕೇಳಿದರು. ನನ್ನ ಹೆಂಡತಿಯೂ ಮೊಳಕಾಲ್ಮೂರಿನವಳೇ. ಅಲ್ಲಿ ಅಕ್ಕಿ ಸಿಗುತ್ತದಾ ಎಂದೊಂದು ಮಾತು ಕೇಳಿದಳು. ಸಿಗುತ್ತದೆ ಎಂದರು, ಹೊರಟೆವು.

ಅಲ್ಲಿ ಮಿಲ್ ಶನಿವಾರ ಮಧ್ಯಾಹ್ನಕ್ಕೆ ಮುಚ್ಚುತ್ತಿತ್ತು. ಚಳ್ಳಕೆರೆಯಲ್ಲಿ ಭಾನುವಾರವೂ ಗ್ರೀಸು ಮೆತ್ತಿಕೊಂಡೇ ಇದ್ದವನಿಗೆ ಒಂದೂವರೆ ದಿನದ ರಜೆಯನ್ನು ಏನು ಮಾಡುವುದೆಂದೇ ತಿಳಿಯಲಿಲ್ಲ. ಮೊದಲ ಎರಡು ತಿಂಗಳು ಮಲಗಿ ಕಳೆದೆ. ಮೂರನೆಯ ತಿಂಗಳು ಪಕ್ಕದ ಮನೆಯ ಮೇಷ್ಟ್ರು, ಅಲ್ಲಿಯವರೇ, ನಮ್ಮಿಬ್ಬರನ್ನೂ ಎಬ್ಬಿಸಿಕೊಂಡು ಹೋದರು. ಅವರದೊಂದು ಗುಂಪಿತ್ತು, ಎಂಟು ಹತ್ತು ಜನ. ಶಾಲೆಯವರು, ಆಸ್ಪತ್ರೆಯ ನರ್ಸ್ ಒಬ್ಬರು, ಕೃಷಿ ಇಲಾಖೆಯವರು. ವಾರಕ್ಕೊಂದು ಗುಡ್ಡ ಹತ್ತುವುದು, ತಿಂಗಳಿಗೊಮ್ಮೆ ದೂರದ ಅಭಯಾರಣ್ಯಕ್ಕೆ ಹೋಗುವುದು. ಮೊದಲ ದಿನ ಬೆಳಗಿನ ಬೆಳಕಲ್ಲೇ ಒಂದು ನರಿ ನಮ್ಮ ಮುಂದೆ ದಾರಿ ದಾಟಿತು. ಯಾರಿಗಾದರೂ ಅದೃಷ್ಟ ಕುದುರಿದರೆ ನರಿ ಮುಖ ನೋಡಿ ಎದ್ದಿದ್ದೇನ್ಲೇ ಎಂದು ಕೇಳುವ ಊರಿನಿಂದ ಬಂದವನು ನಾನು. ತಟ್ಟನೆ ಕೈ ಮುಗಿದೆ. ಗುಂಪಿನವರು ನನ್ನನ್ನೂ ನರಿಯನ್ನೂ ತಿರುಗಿ ತಿರುಗಿ ನೋಡಿದರು.

ನಾಚಿಕೆ ಬಿಟ್ಟು ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಹದಿನಾರು ವರ್ಷ ಚಳ್ಳಕೆರೆ ಹತ್ತಿರದ ಹುಲ್ಲುಗಾವಲು, ಉಳ್ಳಾರ್ತಿ ಕಾವಲಿನ ಪಕ್ಕದಲ್ಲೇ ಓಡಾಡಿದವನು. ಅಲ್ಲಿ ಜಿಂಕೆ ಇದ್ದವು, ತೋಳ ಇದ್ದವು, ಹುಲ್ಲಿನೊಳಗೆ ನೂರಾರು ಹಕ್ಕಿ ಇದ್ದವು. ನಾನು ಒಮ್ಮೆಯೂ ಬಸ್ಸಿನ ಕಿಟಕಿಯಾಚೆ ತಲೆ ಹಾಕಿರಲಿಲ್ಲ. ಅದೇ ನಾನು ಜಾಂಬಿಯಾದಲ್ಲಿ ಸೊಂಟದೆತ್ತರದ ಹುಲ್ಲಿನ ನಡುವೆ ನಿಂತು, ಇದು ನಮ್ಮ ಕಾವಲಿನ ಹಾಗೇ ಐತಲ್ಲೇ ಎಂದು ಹೆಂಡತಿಗೆ ಹೇಳಿದೆ. ಅವಳು ನಕ್ಕಳು. ಈಗ ವಾಪಸ್ಸು ಬಂದ ಮೇಲೆ ಭಾನುವಾರ ಬೆಳಿಗ್ಗೆ ಇಬ್ಬರೂ ವರವು ಕಾವಲಿನ ದಿಕ್ಕಿಗೆ ಹೋಗುತ್ತೇವೆ, ಸರ್ಕಾರದವರು ಈಗ ಹಾಕಿರುವ ಬೇಲಿಯ ಈಚೆ ನಿಂತು ನೋಡುತ್ತೇವೆ. ಬೇಲಿ ಹಾಕುವ ಮುಂಚೆ ನೋಡಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ, ಆದರೂ ನೋಡುವ ಕಣ್ಣು ಬಂತಲ್ಲ ಎಂದು ಸಂತೋಷವೂ ಆಗುತ್ತದೆ. ಆ ಕಣ್ಣು ಕೊಟ್ಟವರು ಜಾಂಬಿಯಾದ ಆ ಅಭಯಾರಣ್ಯದ ಗೈಡ್.

ಅವರು ಅರಣ್ಯ ಕಾವಲುಗಾರರಾಗಿ ನಿವೃತ್ತರಾದವರು. ಎಲ್ಲರೂ ಅವರನ್ನು ಮದಾಲ ಎನ್ನುತ್ತಿದ್ದರು; ಹಿರಿಯರನ್ನು ಅಲ್ಲಿ ಹಾಗೆ ಕರೆಯುತ್ತಾರೆ. ನಾವೂ ಹಾಗೇ ಕರೆದೆವು. ಸಣಕಲು ಮೈ, ಮಾತು ಕಡಿಮೆ. ಆನೆಯ ಲದ್ದಿಯನ್ನು ಕೈಯಲ್ಲಿ ಮುರಿದು, ಬಿಸಿ ಇದೆಯೇ ನೋಡಿ ಎಂದು ನಮ್ಮ ಕೈಗೂ ಇಡುತ್ತಿದ್ದರು. ಹಳೆಯ ಕಾಲುಚೀಲವೊಂದರಲ್ಲಿ ಬೂದಿ ತುಂಬಿಕೊಂಡು ಆಗಾಗ ಅಲುಗಿಸಿ, ಅದು ಹಾರುವ ದಿಕ್ಕು ನೋಡಿ ಗಾಳಿ ಎತ್ತ ಬೀಸುತ್ತಿದೆ ಎಂದು ತಿಳಿಯುತ್ತಿದ್ದರು. ನಮ್ಮ ವಾಸನೆ ಪ್ರಾಣಿಯ ಕಡೆ ಹೋಗದ ಹಾಗೆ ನಮ್ಮನ್ನು ಸುತ್ತಿಸಿ ಕರೆದೊಯ್ಯುತ್ತಿದ್ದರು. ಒಮ್ಮೆ ರಣಹದ್ದುಗಳು ಸುತ್ತುವುದನ್ನು ತೋರಿಸಿದಾಗ, ನಮ್ಮೂರ ಹತ್ತಿರ ಜಟಿಂಗ ರಾಮೇಶ್ವರ ಅಂತ ಬೆಟ್ಟವಿದೆ, ಅದರ ತುದಿಯಲ್ಲಿ ಹದ್ದಿಗೂ ಒಂದು ಗುಡಿ ಇದೆ ಎಂದು ಹೇಳಿದೆ. ಯಾಕೆ ಎಂದು ಕೇಳಿದರು. ಒಬ್ಬ ಹೆಂಗಸನ್ನು ಹೊತ್ತೊಯ್ಯುತ್ತಿದ್ದವನನ್ನು ತಡೆಯಲು ಹೋಗಿ ಸತ್ತಿತು ಎಂದೆ. ಅವರು ಮೇಲೆ ನೋಡುತ್ತಲೇ, ಆ ಹೆಂಗಸು ಆಮೇಲೆ ಸಿಕ್ಕಳೇ ಎಂದು ವಿಚಾರಿಸಿದರು.

ಅವರ ಊಟ ನಮ್ಮ ಮುದ್ದೆಯೇ, ರಾಗಿಯ ಬದಲು ಬಿಳಿ ಮೆಕ್ಕೆಜೋಳದ ಹಿಟ್ಟಿನದು. ನನ್ನ ಹೆಂಡತಿಯ ಶೇಂಗಾ ಚಟ್ನಿಪುಡಿ ಅದಕ್ಕೆ ಹೊಂದಿತು, ಅಂದಿನಿಂದ ಅವಳು ಪ್ರತಿ ಸಲ ಅವರಿಗೆಂದೇ ಒಂದು ಡಬ್ಬಿ ತರುತ್ತಿದ್ದಳು. ಅವರ ಮಗಳು ಅಭಯಾರಣ್ಯದ ಗೇಟಿನಲ್ಲಿ ಟಿಕೆಟ್ ಕೊಡುವ ಕೆಲಸದಲ್ಲಿದ್ದಳು. ಡಬ್ಬಿ ಖಾಲಿಯಾಗಿ ವಾಪಸ್ಸು ಬರುವುದು ಅವಳ ಕೈಯಿಂದ.

ಇನ್ನು ಮಾತಿನ ವಿಷಯ. ನನ್ನ ಇಂಗ್ಲಿಷ್ ಐಟಿಐನದು, ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಉಗುಳುವಂಥದ್ದು. ಹೋದ ಹೊಸತರಲ್ಲಿ ಹೆದರಿದ್ದೆ. ಆದರೆ ಮಿಲ್ಲಿನ ಸ್ಟೋರ್‌ಕೀಪರ್ ಊಟಕ್ಕೆ ಎದ್ದು ಹೊರಡುವಾಗ ‘ಐ ಆಮ್ ಕಮಿಂಗ್’ ಎಂದು ಹೇಳಿ ಬಾಗಿಲಾಚೆ ಹೋದ. ಹೋಗುತ್ತಿದ್ದಾನೆ, ಬರುತ್ತಿದ್ದೇನೆ ಅನ್ನುತ್ತಾನೆ. ನಮ್ಮ ‘ಬರ್ತೀನಿ’ಯೇ! ಹೋಗ್ತೀನಿ ಎನ್ನಬಾರದೆಂದು ಅವ್ವ ಬಾಯಿ ಮೇಲೆ ಹೊಡೆದು ಕಲಿಸಿದ್ದನ್ನು ಇವರಿಗೂ ಯಾರೋ ಕಲಿಸಿದ್ದಾರೆ ಎಂದು ಖುಷಿಯಾಯಿತು. ಅಂದಿನಿಂದ ನನ್ನ ಎದೆ ಉಬ್ಬಿತು. ನನ್ನ ಇಂಗ್ಲಿಷ್ ಈ ದೇಶಕ್ಕೆ ಹೇಳಿ ಮಾಡಿಸಿದ್ದು ಎಂದುಕೊಂಡು, ಕನ್ನಡವನ್ನು ಹಾಗೇ ಇಂಗ್ಲಿಷಿಗೆ ತಿರುಗಿಸಿ ಧೈರ್ಯವಾಗಿ ಮಾತಾಡತೊಡಗಿದೆ.

ನಾಲ್ಕನೆಯ ವರ್ಷದ ಆಗಸ್ಟ್. ಹುಲ್ಲು ಒಣಗಿತ್ತು, ಚಳಿ ಇನ್ನೂ ಬಿಟ್ಟಿರಲಿಲ್ಲ. ಅಭಯಾರಣ್ಯದೊಳಗಿನ ಒಂದು ಗುಡ್ಡ ಹತ್ತಿದ್ದೆವು. ಬುಡದಲ್ಲಿ ಎರಡು ಪಿಕಪ್ ಗಾಡಿ, ಒಂದು ಹಳ್ಳದ ಈಚೆ, ಒಂದು ಆಚೆ. ನಡುವೆ ದಟ್ಟ ಮರ, ಒಂದಕ್ಕೊಂದು ಕಾಣುತ್ತಿರಲಿಲ್ಲ. ಇಳಿಯುವಾಗ ನರ್ಸಮ್ಮನ ಕಾಲು ಉಳುಕಿತು. ಮದಾಲ ಅವರಿಗೆ ಹೆಗಲು ಕೊಟ್ಟು ಮುಂದೆ ಇಳಿದರು. ಹೋಗುವ ಮುಂಚೆ ತಮ್ಮ ಇನ್ನೊಂದು ವಾಕಿಟಾಕಿಯನ್ನು ನನ್ನ ಕೈಗೆ ಕೊಟ್ಟು, ಕೊನೆಯವರಾಗಿ ನೀವು ಬನ್ನಿ ಎಂದರು. ಆ ನಂಬಿಕೆಗೆ ನನಗೆ ಹೆಮ್ಮೆ ತಡೆಯಲಾಗಲಿಲ್ಲ. ನನ್ನ ಹೆಂಡತಿಗೆ ಮಂಡಿ ನೋವು, ನಿಧಾನ. ಅರ್ಧ ದಾರಿಯಲ್ಲಿ ಬಂಡೆಯ ಮೇಲೆ ಪುಟ್ಟ ಜಿಂಕೆಯಂಥದ್ದೊಂದು ನಾಲ್ಕೂ ಗೊರಸು ಒಟ್ಟಿಗೆ ಇಟ್ಟು ನಿಂತಿತ್ತು. ಇಬ್ಬರೂ ಮೈಮರೆತು ನೋಡಿದೆವು.

ಆಗ ವಾಕಿಟಾಕಿ ಕರೆಯಿತು. ಎಲ್ಲಿದ್ದೀರಿ ಎಂದು ಮದಾಲ ಕೇಳಿದರು. ನಾನು ಗುಂಡಿ ಒತ್ತಿ, ‘ವಿ ಹ್ಯಾವ್ ಕಮ್, ವಿ ಹ್ಯಾವ್ ಕಮ್’ ಎಂದೆ. ಮತ್ತೆ ಐದು ನಿಮಿಷ ಆ ಜಿಂಕೆಯನ್ನು ನೋಡಿ ಇಳಿಯತೊಡಗಿದೆವು.

ಕೆಳಗೆ ಬಂದಾಗ ಗಾಡಿ ಇರಲಿಲ್ಲ. ಹಳ್ಳ ದಾಟಿ ನೋಡಿದರೆ ಆಚೆಯ ಗಾಡಿಯೂ ಇರಲಿಲ್ಲ. ವಾಕಿಟಾಕಿಯಲ್ಲಿ ಬರೀ ಗೊರಗೊರ ಸದ್ದು. ನಡುವೆ ಗುಡ್ಡ ಅಡ್ಡವಾಗಿತ್ತು. ಗಂಟೆ ನಾಲ್ಕೂವರೆ, ಆರಕ್ಕೆ ಗೇಟು ಮುಚ್ಚುತ್ತದೆ. ಏನು ಮಾಡುವುದೆಂದು ನಿಂತಿದ್ದಾಗಲೇ ಹಳ್ಳದ ಕೆಳಗಿನಿಂದ ಕೊಂಬೆ ಮುರಿಯುವ ಸದ್ದು ಕೇಳಿತು. ಆನೆಗಳು. ಮರಿಗಳಿದ್ದ ಗುಂಪು.

ನಾನು ಓಡೋಣ ಎಂದೆ. ಅವಳು ನನ್ನ ಅಂಗಿ ಹಿಡಿದು ನಿಲ್ಲಿಸಿದಳು. ಮದಾಲ ಹೇಳಿದ್ದೇನು, ಓಡಬಾರದು, ಗಾಳಿ ನೋಡಬೇಕು. ಬೂದಿ ಎಲ್ಲಿಂದ ತರುವುದು? ಅವಳು ಪರ್ಸಿನಿಂದ ವಿಭೂತಿಯ ಪೊಟ್ಟಣ ತೆಗೆದಳು, ಜಟಿಂಗ ರಾಮೇಶ್ವರದ್ದು, ಊರಿಂದ ಹೊರಡುವಾಗ ಅತ್ತೆ ಕೊಟ್ಟದ್ದು. ಒಂದು ಚಿಟಿಕೆ ತನ್ನ ಹಣೆಗೆ, ಒಂದು ನನ್ನ ಹಣೆಗೆ, ಉಳಿದದ್ದನ್ನು ಗಾಳಿಗೆ ಬಿಟ್ಟಳು. ಬಿಳಿ ಪುಡಿ ನಮ್ಮ ಎಡಕ್ಕೆ ಹೋಯಿತು. ನಮ್ಮ ವಾಸನೆ ಆನೆಗಳತ್ತ ಹೋಗದ ಹಾಗೆ ನಾವೂ ಎಡಕ್ಕೇ ಸರಿದು ಒಂದು ದಪ್ಪ ಮರದ ಬೆನ್ನಿಗೆ ಒರಗಿ ಕೂತೆವು. ಒಂದು ಗಂಟೆಯ ಮೇಲೆ ಕೂತಿದ್ದೆವು. ಆನೆಗಳು ಬಂದವು, ಹಳ್ಳದ ಮರಳು ಕೆದರಿ ನೀರು ಕುಡಿದವು, ಮರಿಯೊಂದು ಜಾರಿ ಬಿತ್ತು, ದೊಡ್ಡದು ಅದನ್ನು ಕಾಲಿನಿಂದ ತಳ್ಳಿ ಎಬ್ಬಿಸಿತು. ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ಆನೆ ನೋಡಿದ್ದು ಆಗಲೇ, ಮತ್ತೆಂದೂ ಇಲ್ಲ. ಅವಳು ಉಸಿರು ಬಿಡದೆ ನೋಡಿದಳು. ನಾನು ಮಾತ್ರ ಒಳಗೊಳಗೇ ಕುದಿಯುತ್ತಿದ್ದೆ.

ಬೆಳಕು ಕಡಿಮೆಯಾಗುವ ಹೊತ್ತಿಗೆ ಬೆನ್ನ ಹಿಂದಿನಿಂದ ಮೆಲ್ಲನೆ ಸಿಳ್ಳೆ ಕೇಳಿತು. ಮದಾಲ. ಗಾಡಿಯನ್ನು ದೂರದಲ್ಲೇ ಬಿಟ್ಟು, ಆನೆಗೆ ತಿಳಿಯದ ಹಾಗೆ ನಡೆದು ಬಂದಿದ್ದರು. ಅವರು ಅವಳ ತಲೆ ಮುಟ್ಟಿದರು, ನನ್ನ ತಲೆ ಮುಟ್ಟಿದರು. ಒಂದು, ಎರಡು ಎಂದು ಎಣಿಸಿದ ಹಾಗೆ.

ಅವರ ಕಾಲಿಗೆ ಬೀಳಬೇಕಾದ ಹೊತ್ತದು. ನಾನು ಮಾಡಿದ್ದು ಬೇರೆ. ಗೇಟು ತಲುಪಿ, ಗುಂಪಿನವರನ್ನೆಲ್ಲ ಕಂಡದ್ದೇ, ಅಷ್ಟು ಹೊತ್ತು ತಡೆದ ಹೆದರಿಕೆಯೆಲ್ಲ ಸಿಟ್ಟಾಗಿ ಹೊರಬಂತು. ಬಾಯಿಗೆ ಬಂದಂತೆ ಬೈದೆ. ಎಣಿಸಲು ಬಾರದವನಿಗೆ ಗೈಡ್ ಕೆಲಸ ಯಾಕೆ ಎಂದೆ. ಮದಾಲ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಅವರ ಪಕ್ಕದಲ್ಲಿ ಅವರ ಮಗಳು ಟಿಕೆಟಿನ ಕೋಣೆಯಿಂದ ಹೊರಬಂದು ನಿಂತಿದ್ದಳು. ಅವರು ಒಂದೇ ಮಾತು ಹೇಳಿದರು, “ಹೌದು, ನಾನು ಎಣಿಸಬೇಕಿತ್ತು.” ನನಗೆ ಅಷ್ಟು ಸಾಲಲಿಲ್ಲ. ದೂರಿನ ಪುಸ್ತಕ ತರಿಸಿ, ಹಾಳೆ ಹರಿಯುವಷ್ಟು ಒತ್ತಿ ಒತ್ತಿ ಬರೆದೆ.

ಗೇಟಿನ ಹೊರಗೆ ಬಿಟ್ಟಿದ್ದ ನಮ್ಮ ಕಾರಿನಲ್ಲಿ ಮನೆಗೆ ಹೊರಟೆವು. ನಾನು ಇನ್ನೂ ಗೊಣಗುತ್ತಲೇ ಇದ್ದೆ. ಅರ್ಧ ದಾರಿ ಕಳೆದ ಮೇಲೆ ಅವಳು ಕೇಳಿದಳು.

“ಚಾಲು, ಸುಮ್ಮನಿರ್ರಿ. ಆ ಮಾತಾಡೋ ಡಬ್ಬಿಯಾಗೆ ನೀವೇನಂದ್ರಿ?”

ಚಾಲು ಎಂದರೆ ನಮ್ಮ ತೆಲುಗಿನಲ್ಲಿ ಸಾಕು ಎಂದು. ನಾನು, ಬಂದ್ವಿ ಅಂದೆ ಎಂದೆ.

“ಬಂದಿದ್ವಾ? ಗುಡ್ಡದ ಮ್ಯಾಲೆ ಜಿಂಕೆ ನೋಡ್ಕೊಂತ ನಿಂತಿದ್ವಿ. ಬಂದ್ವಿ ಅಂದ್ರೆ ಅವರು ಏನು ತಿಳ್ಕೋಬೇಕು?”

ನಾನು ಕಾರು ನಿಲ್ಲಿಸಿದೆ. ಚಳ್ಳಕೆರೆಯ ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ದೋಸೆ ಎಲ್ಲಿ ಎಂದರೆ ‘ಬಂತು ಸಾರ್’ ಅನ್ನುತ್ತಾರೆ, ದೋಸೆ ಇನ್ನೂ ಹಿಟ್ಟಿನ ಪಾತ್ರೆಯಲ್ಲೇ ಇರುತ್ತದೆ. ಅವ್ವ ಊಟಕ್ಕೆ ಕರೆದರೆ ಬೀದಿಯ ಆ ತುದಿಯಿಂದಲೇ ‘ಬಂದೆ’ ಎನ್ನುತ್ತಿದ್ದೆ. ನಮಗೆ ಬಂದೆ ಎಂದರೆ ಇನ್ನು ಹೊರಡುತ್ತೇನೆ ಎಂದು. ಇಂಗ್ಲಿಷ್ ತಿಳಿದವರಿಗೆ ಬಂದೆ ಎಂದರೆ ಬಂದಾಯಿತು ಎಂದು. ಈಚೆಯ ಗಾಡಿಯಲ್ಲಿದ್ದ ಮದಾಲ, ನಾವು ಹಳ್ಳ ದಾಟಿ ಆಚೆಯ ಗಾಡಿಗೆ ಬಂದಿದ್ದೇವೆ ಎಂದುಕೊಂಡು ನರ್ಸಮ್ಮನನ್ನು ಕರೆದುಕೊಂಡು ಹೊರಟಿದ್ದರು. ಅವರ ಗಾಡಿ ಹೊರಟ ಸದ್ದು ಕೇಳಿದ ಆಚೆಯವರು, ನಾವು ಅದರಲ್ಲೇ ಇದ್ದೇವೆ ಎಂದುಕೊಂಡು ಹೊರಟಿದ್ದರು. ಗೇಟಿನಲ್ಲಿ ಎರಡೂ ಗಾಡಿಯ ಜನ ಇಳಿದಾಗಲೇ ಇಬ್ಬರು ಕಡಿಮೆ ಎಂದು ಗೊತ್ತಾದದ್ದು.

ಬುಧವಾರ ಪಕ್ಕದ ಮನೆಯ ಮೇಷ್ಟ್ರು ಬಂದು ಹೇಳಿದರು, ನನ್ನ ದೂರಿನ ಮೇಲೆ ಮದಾಲರ ಗೈಡ್ ಕಾರ್ಡ್ ತೆಗೆದುಕೊಂಡಿದ್ದಾರೆ, ಶನಿವಾರ ವಿಚಾರಣೆ. ಜನರನ್ನು ಕಾಡಿನಲ್ಲಿ ಬಿಟ್ಟು ಬಂದವರಿಗೆ ಕಾರ್ಡ್ ವಾಪಸ್ಸು ಕೊಡುವುದಿಲ್ಲವಂತೆ. ಕಾರ್ಡ್ ಇಲ್ಲದಿದ್ದರೆ ಅವರು ಬೇಲಿ ದಾಟಿ ಒಳಗೆ ಕಾಲಿಡುವಂತಿಲ್ಲ. ನಲವತ್ತು ವರ್ಷ ನಡೆದ ಕಾಡು. ಮೂರು ದಿನ ನನಗೆ ಯಂತ್ರದ ಸದ್ದು ಕಿವಿಗೆ ಬೀಳಲಿಲ್ಲ. ತಪ್ಪು ಒಪ್ಪಿಕೊಳ್ಳುವುದೆಂದರೆ, ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಎಲ್ಲರ ಮುಂದೆ ಒಪ್ಪಿಕೊಳ್ಳುವುದು. ಫಿಟ್ಟರ್‌ನ ಜಂಬ ಸಣ್ಣದಲ್ಲ. ಹೋಗಲೋ ಬೇಡವೋ ಎಂದು ಒದ್ದಾಡಿದೆ. ಶನಿವಾರ ಮಧ್ಯಾಹ್ನ ನಾನು ಮಿಲ್ಲಿನಿಂದ ಬಂದದ್ದೇ ಅವಳು ಚಟ್ನಿಪುಡಿಯ ಡಬ್ಬಿ ತುಂಬಿಸಿಕೊಂಡು ಕಾರಿನಲ್ಲಿ ಹೋಗಿ ಕೂತಳು.

ವಿಚಾರಣೆ ಗೇಟಿನ ಪಕ್ಕದ ಕಚೇರಿಯಲ್ಲಿ. ಅಧಿಕಾರಿ ಒಬ್ಬ ಹೆಂಗಸು, ಗಂಭೀರ ಸ್ವಭಾವದವರು. ಗುಂಪಿನವರೂ ಬಂದಿದ್ದರು. ನಾನು ಎದ್ದು ನಿಂತು, ದೂರು ನನ್ನದು, ತಪ್ಪೂ ನನ್ನದೇ ಎಂದೆ. ಆಮೇಲೆ ಜಾಂಬಿಯಾದ ಸರ್ಕಾರಿ ಕಚೇರಿಯಲ್ಲಿ ಕನ್ನಡ ವ್ಯಾಕರಣ ಹೇಳಿಕೊಡುವ ಯೋಗ ನನ್ನದಾಯಿತು. ದೋಸೆಯ ವಿಷಯ ಹೇಳಿದೆ; ದೋಸೆ ಎಂದರೇನು ಎಂದು ಕೇಳಿದರು, ಅದನ್ನೂ ಹೇಳಿದೆ. ಬಾರದೆ ಬಂದೆ ಅನ್ನುವುದು ಸುಳ್ಳಲ್ಲವೇ ಎಂದರು. ಅಲ್ಲ, ಮನಸ್ಸು ಆಗಲೇ ಹೊರಟಿರುತ್ತದೆ, ಕಾಲು ಮಾತ್ರ ಹಿಂದೆ ಎಂದೆ. ನರ್ಸಮ್ಮ ನಕ್ಕರು, ಆಮೇಲೆ ಉಳಿದವರೂ ನಕ್ಕರು. ಅಧಿಕಾರಿ ಮಾತ್ರ ನಗಲಿಲ್ಲ. ಮದಾಲರ ಕಡೆ ತಿರುಗಿ, ಇವರು ಬಂದೆವು ಎಂದದ್ದು ನಿಮಗೆ ಕೇಳಿಸಿತ್ತೇ ಎಂದರು. ಕೇಳಿಸಿತ್ತು. ಮತ್ತೆ ಅದನ್ನು ಹೇಳಿಕೆಯಲ್ಲಿ ಯಾಕೆ ಬರೆಯಲಿಲ್ಲ? ಎಣಿಸುವುದು ನನ್ನ ಕೆಲಸ ಎಂದು ಅವರು ಹೇಳಿದರು. ಅಧಿಕಾರಿ ಡ್ರಾಯರಿನಿಂದ ಕಾರ್ಡ್ ತೆಗೆದು ಮೇಜಿನ ಮೇಲೆ ಅವರ ಕಡೆಗೆ ಸರಿಸಿದರು. ಇನ್ನು ಮುಂದೆ ವಾಕಿಟಾಕಿಯಲ್ಲಿ ಯಾರೂ ಬರುವ ಹೋಗುವ ಮಾತಾಡಕೂಡದು, ಯಾವ ಮರದ ಹತ್ತಿರ ಇದ್ದೀರಿ ಅಷ್ಟು ಹೇಳಿ ಎಂದು ನನಗೆ ಗದರಿದರು.

ಹೊರಗೆ ಬಂದು ಮದಾಲರನ್ನು ಕೇಳಿದೆ. ತಪ್ಪು ನನ್ನ ಮಾತಿನದು ಎಂದು ನಿಮಗೆ ಆ ಸಂಜೆಯೇ ಗೊತ್ತಿತ್ತು. ನಾನು ಅಷ್ಟು ಕೂಗಾಡುವಾಗ ಒಂದು ಮಾತು ಯಾಕೆ ಹೇಳಲಿಲ್ಲ?

ಅವರು ಕಾರ್ಡನ್ನು ಜೇಬಿಗಿಟ್ಟು ಗುಂಡಿ ಹಾಕಿಕೊಂಡರು.

“ನಿಮ್ಮ ಹೆಂಡತಿ ನಿಮ್ಮ ಪಕ್ಕದಲ್ಲೇ ನಿಂತಿದ್ದರು,” ಎಂದರು. “ಅವರ ಎದುರಿಗೆ ನಿಮ್ಮನ್ನು ಸುಳ್ಳುಗಾರನನ್ನಾಗಿ ಮಾಡುವುದು ಹೇಗೆ?”

ಅವರ ಪಕ್ಕದಲ್ಲಿ ಆ ಸಂಜೆ ಅವರ ಮಗಳು ನಿಂತಿದ್ದಳು. ನಾನು ಅವಳನ್ನು ನೋಡಿದ್ದೆ. ನೋಡಿಯೂ ಕೂಗಾಡಿದ್ದೆ.

ಗೇಟಿನ ಟಿಕೆಟ್ ಕಿಟಕಿಯ ಮುಂದೆ ಶನಿವಾರದ ಜನ ಸಾಲು ನಿಂತಿದ್ದರು. ನಾನೂ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಅವಳು ತಲೆ ಎತ್ತದೆ, ಎಷ್ಟು ಜನ ಎಂದು ಕೇಳಿದಳು. ಹಿಂದಿದ್ದವರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ, “ನಿಮ್ಮ ತಂದೆಗೆ ಎಣಿಸಲು ಬರುತ್ತದಮ್ಮಾ. ನನಗೆ ಮಾತಾಡಲು ಬರುವುದಿಲ್ಲ.”